ಎರಡು ಬಡಿತಗಳ ನಡುವೆ

"ನಿಮ್ಮತ್ತಿಗೆ ಅಂಗೈ ಬೆಳ್ಳಗಿದೆಯಂತಲ್ಲೇ ಲೀಲಿ! ಒಂದು ಚುಕ್ಕೆ ಕೆಂಪಿಲ್ವಂತೆ, ಸುಣ್ಣ ಹೊಡೆದ ಗೋಡೆ ಇದ್ದಂಗಿದೆಯಂತೆ!"

ಮುಬೀನಾ ಹೀಗೆ ಕೂಗಿಕೊಂಡೇ ಕಾಲೇಜಿನ ಲ್ಯಾಬಿನೊಳಗೆ ನುಗ್ಗಿದಳು. ನಾನಾಗ ಮೇಜಿನ ಕೆಳಗೆ ಅಂಗಾತ ಮಲಗಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಮ್ಮ ಆಟದ ಸರ್ವರಿನ ಬೆನ್ನಿನ ಧೂಳು ಕೆರೆಯುತ್ತಿದ್ದೆ. ಗಡಬಡಿಸಿ ಎದ್ದು ಮೇಜಿಗೆ ನೆತ್ತಿ ಗುದ್ದಿಸಿಕೊಂಡೆ.

"ಯಾರತ್ತಿಗೆ?"

"ನಿಂಗೇನು ಏಳೆಂಟು ಜನ ಅತ್ತಿಗೇರಿದಾರಾ? ದಾಕ್ಷಾಯಿಣಕ್ಕಾನೇ ಕಣೇ. ಬಳೆಗಾರ್ತಿ ಕಾಶವ್ವ ನೋಡಿದಾಳೆ. ಬಳೆ ತೊಡಿಸೋಕೆ ಅಂತ ಅಂಗೈ ಸೋಪಿನ ನೀರಲ್ಲಿ ತೊಳೆದ್ಲಂತೆ. ಅರಿಶಿನ, ಹಿಟ್ಟು ಎಲ್ಲಾ ಹೋಗಿ ಬೆಳ್ಳಗೆ ಎದ್ದು ಬಂತಂತೆ. ಕಾಶವ್ವನ ಕೈಲಿದ್ದ ಬಳೇನೇ ಬಿದ್ದು ಒಡೀತಂತೆ!"

"ಸುಮ್ನಿರೇ. ನಮ್ಮನೇಲಿ ಕೆಲಸ ಮಾಡೋರು ಅಂದ್ರೆ ಅವರೊಬ್ರೇ."

"ಅದಕ್ಕೇ ಹೇಳ್ತಿರೋದು! ನಾಡಿದ್ದು ಹುಣ್ಣಿಮೆ. ಹಾಲಜ್ಜಿ ಮುಂದೆ ಕೈ ಚಾಚಿದ್ರೆ..."

ಮಾತು ಅಷ್ಟಕ್ಕೇ ನಿಂತಿತು, ಇಬ್ಬರ ಕಿವಿಗಳೂ ಗುಂಯ್ ಎಂದವು. ಕಿಟಕಿಯಾಚೆ ಮಲಗಿದ್ದ ನಾಯಿ ತಲೆಯೆತ್ತಿತು. ಮುಬೀನಾ ಕೈಗೆ ಸಿಕ್ಕ ಬಟ್ಟೆ ಹಿಡಿದು ಮೇಜನ್ನು ಗಸಗಸ ಒರೆಸತೊಡಗಿದಳು. ನಾನು ಬ್ರಷ್ಷನ್ನು ಸರ್ವರಿನ ಬೆನ್ನಿಗೆ ಒತ್ತಿ ಉಜ್ಜಿದೆ. ಗುಡ್ಡದ ಮೇಲಿನ ನಗಾರಿ ತನ್ನಷ್ಟಕ್ಕೆ ಒಮ್ಮೆ ಬಡಿಯಿತು. ಧಿಮ್. ಅಂಗೈ ನಡುವೆ ಬೆಚ್ಚಗೆ ಏನೋ ಇಳಿದು ಹರಡಿತು. ಇಬ್ಬರೂ ಕೈಯಲ್ಲಿದ್ದದ್ದನ್ನು ಬಿಸಾಡಿ ಮಾತು ಮುಂದುವರಿಸಿದೆವು.

ನಮ್ಮೂರಿನಲ್ಲಿ ಎಲ್ಲರೂ ಹೀಗೆಯೇ. ಬೆಳಗಿನಿಂದ ಸಂಜೆಯವರೆಗೆ ನಗಾರಿ ಸಮನಾದ ಬಿಡುವು ಕೊಟ್ಟು ಬಡಿಯುತ್ತದೆ. ಬಡಿಯುವ ತುಸು ಮುಂಚೆ ಎಲ್ಲರ ಕಿವಿ ಗುಂಯ್ ಎನ್ನುತ್ತದೆ. ಬಡಿದ ಆ ಗಳಿಗೆಯಲ್ಲಿ ಯಾರ ಕೈ ಕೆಲಸದ ಮೇಲಿರುತ್ತದೋ ಅವರ ಅಂಗೈಗೆ ಗೋರಂಟಿ ಹಚ್ಚಿದಂತೆ ಒಂದು ಸುತ್ತು ಕೆಂಪು ಏರುತ್ತದೆ. ತಿಂಗಳೊಳಗೆ ಅದು ಇಳಿದುಹೋಗುತ್ತದೆ. ಕೆಂಪು ಇಳಿಯದ ಹಾಗೆ ನೋಡಿಕೊಳ್ಳುವುದೇ ಬದುಕು. ಕಿವಿ ಗುಂಯ್ ಎನ್ನುತ್ತಲೇ ಮೇಷ್ಟರು ಬೋರ್ಡಿನ ಮೇಲೆ ಬಾಯಿಗೆ ಬಂದದ್ದು ಬರೆಯುತ್ತಾರೆ. ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದು ಮುಗಿದವನನ್ನೂ ಮತ್ತೊಮ್ಮೆ ಕೆರೆಯುತ್ತಾರೆ. ದೇವಸ್ಥಾನದ ಮೆಟ್ಟಿಲ ಮೇಲಿನ ಭಿಕ್ಷುಕ ಕೂಡ ಪಕ್ಕದವನಿಗೆ ಗಾಳಿ ಬೀಸುತ್ತಾನೆ. ಹುಣ್ಣಿಮೆಯ ದಿನ ಹಾಲಜ್ಜಿ ತನ್ನ ಜಗಲಿಯ ಮೇಲೆ ಕೂತು ಊರಿನವರೆಲ್ಲರ ಅಂಗೈ ನೋಡುತ್ತಾಳೆ. ಬೆಳ್ಳಗಿದ್ದವರು ಅಂದೇ ಸಂಜೆ ತೆಪ್ಪ ಹತ್ತಿ ಹೊಳೆಯ ಆಚೆ ದಡಕ್ಕೆ ಹೋಗಬೇಕು. ಅಲ್ಲಿ ಹೊಡೆಯುವುದಿಲ್ಲ, ಬೈಯುವುದಿಲ್ಲ. ಊಟ ಇದೆ, ಮಂಚ ಇದೆ. ಮಾಡಲಿಕ್ಕೆ ಮಾತ್ರ ಏನೂ ಕೊಡುವುದಿಲ್ಲ. ವಾಪಸು ಬಂದವರನ್ನು ನಾನು ನೋಡಿದ್ದೇನೆ. ನೀರು ತುಂಬಿದ ಲೋಟ ಎತ್ತಬೇಕಾದರೂ ಅವರು ಪಕ್ಕದವರ ಮುಖ ನೋಡುತ್ತಾರೆ.

ಅತ್ತಿಗೆಯೂ ಹಾಗಾಗಿಬಿಟ್ಟರೆ ಎಂದು ಮನೆಗೆ ಹೊರಡಲೆದ್ದೆ. ಆದರೆ ಬಿಟ್ಟು ಓಡುವ ಹಾಗೂ ಇರಲಿಲ್ಲ. ಹಾಸ್ಟೆಲಿನ ಹುಡುಗರು ಬಾಗಿಲಲ್ಲಿ ನಿಂತು ಬೊಬ್ಬೆ ಹಾಕುತ್ತಿದ್ದರು.

"ಲೀಲಕ್ಕಾ, ಕೋಟೆ ಆಟ ಮತ್ತೆ ಎಳೀತಿದೆ! ನನ್ನ ಕುದುರೆ ನಿಂತಲ್ಲೇ ನಿಂತು, ಆಮೇಲೆ ಗೋಡೆಯಾಚೆ ಕಾಣಿಸ್ಕೊಳ್ತು!"

"ನಾನು ಬಾಣ ಬಿಟ್ಟು ನೀರು ಕುಡಿದು ಬಂದೆ, ಇನ್ನೂ ಹೋಗ್ತಾನೇ ಇದೆ!"

ಕೋಟೆ ಆಟದ ಸರ್ವರ್ ನನ್ನ ಪಾಲಿನ ಕೂಸು. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿದ ಹಳೆಯ ಯಂತ್ರ. ಮೊದಲು ಅದರಲ್ಲಿ ಆಟದ ಒಂದೇ ಲೋಕ ಓಡುತ್ತಿತ್ತು. ಲ್ಯಾಬ್ ನೋಡಿಕೊಳ್ಳುವ ಷಣ್ಮುಖಪ್ಪ ಸರ್ ಬಂದು ಪರದೆಯಲ್ಲಿ ಎಲ್ಲಕ್ಕಿಂತ ಮೇಲಿನ ಸಾಲಿಗೆ ಬೆರಳಿಟ್ಟು, "ನೋಡ್ರಮ್ಮಾ, ನೂರಕ್ಕೆ ನಾಲ್ಕು ಪಾಲೂ ದುಡೀತಿಲ್ಲ ಇದು. ಖಾಲಿ ಬಿದ್ದಿದೆ. ಇನ್ನೊಂದು ಲೋಕ ಹಾಕ್ರಿ," ಎಂದರು. ಹಾಕಿದೆ. ಆಗಲೂ ನಾಲ್ಕೇ. "ಮತ್ತೊಂದು ಹಾಕ್ರಿ," ಎಂದರು. ಹೀಗೆ ನಾಲ್ಕು ಲೋಕಗಳಾದವು. ಈಗ ಕುದುರೆಗಳು ಗೋಡೆ ಹಾರುತ್ತಿದ್ದವು, ಮೇಲಿನ ಸಾಲು ಮಾತ್ರ ಹಾಯಾಗಿ ನಾಲ್ಕು ಎನ್ನುತ್ತಿತ್ತು. "ಯಂತ್ರ ಸೋಮಾರಿ ಕಣ್ರೀ, ಹುಣ್ಣಿಮೆ ಆದ್ಮೇಲೆ ಕಿತ್ತು ಹಾಕಿ ಚಿಕ್ಕದು ತರೋಣ," ಎಂದು ಸರ್ ಹೇಳಿ ಹೋಗಿದ್ದರು. ಧೂಳು ಹೊಡೆದರೆ ಸರಿಹೋದೀತೆಂದು ನಾನು ಬ್ರಷ್ ಹಿಡಿದು ಮಲಗಿದ್ದು ಅದಕ್ಕೇ.

"ನಾಳೆ ನೋಡ್ತೀನಿ ಹೋಗ್ರೋ," ಎಂದು ಹುಡುಗರನ್ನು ಓಡಿಸಿ ಮನೆಗೆ ಓಡಿದೆ.

ನಮ್ಮ ಮನೆಯ ಮುಂಭಾಗ ಅಣ್ಣನ ಮರಗೆಲಸದ ಅಂಗಡಿ. ಹಿಂಭಾಗದ ಅಡುಗೆಮನೆಯಲ್ಲಿ ಅತ್ತಿಗೆಯ ಖಾನಾವಳಿ. ಹಾಸ್ಟೆಲಿನ ಅಷ್ಟೂ ಹುಡುಗರಿಗೆ ಅಲ್ಲಿಂದಲೇ ರೊಟ್ಟಿ. ಎರಡರ ನಡುವಿನ ಕೋಣೆಯಲ್ಲಿ ಅವ್ವ ಮಲಗಿರುತ್ತಾಳೆ. ಹೋದ ಹುಣ್ಣಿಮೆ ಕಳೆದ ಮಾರನೇ ದಿನ ಬಚ್ಚಲಲ್ಲಿ ಬಿದ್ದವಳಿಗೆ ಎಡಗೈ, ಎಡಗಾಲು, ಮಾತು ಮೂರೂ ಒಟ್ಟಿಗೆ ಹೋದವು.

ನಾನು ಒಳಗೆ ಕಾಲಿಡುವಾಗ ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು.

"ಮನೇಲಿ ಮಾಡೋಕೆ ಕೆಲಸ ಇರ್ಲಿಲ್ವೇನೇ ನಿಂಗೆ?"

"ಇತ್ತು," ಎಂದರು ಅತ್ತಿಗೆ. ಅವರ ಕೈ ನಿಲ್ಲಲಿಲ್ಲ. ರೊಟ್ಟಿ ಅವರ ಅಂಗೈ ಕೆಳಗೆ ತಿರುಗುತ್ತ ಚಂದ್ರನಷ್ಟು ದುಂಡಗೆ ಬೆಳೆಯುತ್ತಿತ್ತು.

"ಮತ್ತೆ?"

"ಮಾಡ್ದೆ."

"ಮಾಡಿದ್ರೆ ಕೈ ಯಾಕೆ ಹಿಂಗಿದೆ? ಇಲ್ನೋಡು!" ಅಣ್ಣ ತನ್ನ ಅಂಗೈ ಚಾಚಿದ. ಬೀಟ್‌ರೂಟ್ ಹೆಚ್ಚಿದ ಹಾಗೆ ಗಾಢ ಕೆಂಪು. ಅಣ್ಣನ ಅಂಗೈ ಬೀದಿಗೇ ಹೆಸರುವಾಸಿ. "ಜನ ನನ್ನ ಮುಖ ನೋಡಿ ಏನಂತಾರೆ? ಇವನು ದುಡೀತಾನೆ, ಅವಳು ಕೂತು ತಿಂತಾಳೆ ಅನ್ನಲ್ವಾ?"

"ಅನ್ಲಿ ಬಿಡ್ರಿ. ನಿಮಗೆ ಊಟಕ್ಕೆ ಬಡಿಸ್ಲಾ?"

ಅಣ್ಣ ಮಣೆ ಎಳೆದುಕೊಂಡು ಕೂತ. ಬಡಿಸು ಎಂದ. ಉಂಡು ಹೋಗಿ ಅಂಗಡಿಯ ಬೆಂಚಿನ ಮೇಲೆ ಅಡ್ಡಾದ.

ನಾನು ಅತ್ತಿಗೆಯ ಪಕ್ಕ ಕೂತು ಅವರ ಕೈ ಹಿಡಿದು ತಿರುಗಿಸಿದೆ. ಹಿಟ್ಟು ಒರೆಸಿ ನೋಡಿದೆ. ಮುಬೀನಾ ಹೇಳಿದ್ದು ನಿಜ. ಬೆಂದು ಬೆಂದು ದಪ್ಪಗಾದ ಚರ್ಮ, ಬೆರಳ ತುದಿಯಲ್ಲಿ ಸುಟ್ಟ ಕಲೆ, ಆದರೆ ಕೆಂಪಿನ ಸುಳಿವೇ ಇಲ್ಲ.

"ಅತ್ತಿಗೆ, ಇದು ಹೆಂಗಾಯ್ತು?"

"ನಂಗೇನು ಗೊತ್ತು. ನಗಾರೀನೇ ಕೇಳು." ಅವರು ಕೈ ಬಿಡಿಸಿಕೊಂಡರು. "ಅದಿರ್ಲಿ, ಇಲ್ಲಿ ಕೇಳು ಲೀಲಾ. ಅತ್ತೆಗೆ ಗಂಜಿ ಎಡಗಡೆ ಕೊಡ್ಬೇಡ, ಜಾರುತ್ತೆ. ಬಲಗಡೆ ಕೆನ್ನೆಗೆ ಒತ್ತಿ ಸ್ವಲ್ಪ ಸ್ವಲ್ಪಾನೇ ಹಾಕು. ಮಗ್ಗುಲು ಹೊರಳಿಸುವಾಗ ಎತ್ತಬೇಡ, ದುಪ್ಪಟಿ ಸಮೇತ ಎಳೀಬೇಕು. ಆಮೇಲೆ ನಗಾರಿ..." ಅಲ್ಲಿಗೆ ನಿಲ್ಲಿಸಿದರು.

"ನಗಾರಿ ಏನು?"

"ಏನಿಲ್ಲ. ನಿಂಗೂ ನಿನ್ನ ಕೈ ನೋಡ್ಕೋಬೇಕಲ್ಲ."

ಆಚೆ ದಡಕ್ಕೆ ಹೊರಡುವುದೇ ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ನನಗೆ ಅಳು ಬಂತು.

ಮಾರನೇ ದಿನ ಬೆಳಿಗ್ಗೆ ಸರ್ವರಿನ ಮುಂದೆ ಕೂತಾಗಲೂ ತಲೆಯಲ್ಲಿ ಅದೇ ಬಿಳಿ ಅಂಗೈ. ಮುಬೀನಾ ಪಕ್ಕದಲ್ಲಿ ಕಡಲೆಬೀಜ ಸುಲಿಯುತ್ತಿದ್ದಳು, ನಗಾರಿಗೆ ಒಂದು ನೆಪ ಕೈಯಲ್ಲೇ ಇರಲಿ ಎಂದು.

"ಒಳಗೆ ದುಡಿಯೋಕೆ ನಾಲ್ಕು ಕೋರ್ ಇದೆಯಲ್ಲೇ," ಎಂದಳು. "ಒಂದು ಎತ್ತು ಸಾಯೋ ಹಾಗೆ ಎಳೀತಾ, ಉಳಿದ ಮೂರು ಮೇಯ್ತಿದ್ರೆ ಒಟ್ಟು ಲೆಕ್ಕ ಕಮ್ಮಿ ತೋರ್ಸುತ್ತೆ. ಅದೇ ಇರ್ಬೇಕು."

ಹಾಗಿದ್ದರೆ ಒಟ್ಟು ಲೆಕ್ಕ ಇಪ್ಪತ್ತೈದಾದರೂ ಇರಬೇಕಿತ್ತು, ಆದರೂ ನೋಡೋಣವೆಂದುಕೊಂಡೆ. ನಾಲ್ಕು ಕೋರ್‌ಗಳನ್ನೂ ಬೇರೆ ಬೇರೆಯಾಗಿ ತೆರೆದು ನೋಡಿದೆ. ಒಂದೂ ಎಳೆಯುತ್ತಿರಲಿಲ್ಲ; ನಾಲ್ಕೂ ಖಾಲಿ ಎಂದೇ ಹೇಳುತ್ತಿದ್ದವು. ಅದರ ಕೆಳಗೆ, ಓಡುತ್ತಿರುವ ಪ್ರೋಗ್ರಾಮುಗಳ ಸಾಲಿನಲ್ಲಿ, ಆಟದ ನಾಲ್ಕು ಲೋಕಗಳೂ ಕಾಣುತ್ತಿದ್ದವು. ಪ್ರತಿಯೊಂದರ ಮುಂದೆ ನೂರಕ್ಕೆ ಎಪ್ಪತ್ತರ ಆಸುಪಾಸು. ಇಷ್ಟು ದಿನ ಅದು ಕಣ್ಣೆದುರೇ ಇತ್ತು. ಮೇಲಿನ ಸಾಲು ಓದಿ ನಾನು ಪರದೆ ಮುಚ್ಚುತ್ತಿದ್ದೆ.

"ಮುಬೀ, ಇಲ್ನೋಡೇ. ಕೆಳಗಡೆ ನಾಲ್ಕು ಜನ ಎಪ್ಪತ್ತೆಪ್ಪತ್ತು ದುಡೀತಿದೀವಿ ಅಂತಾರೆ. ಮೇಲ್ಗಡೆ ಯಜಮಾನ ಮನೇಲಿ ಯಾರೂ ಕೆಲಸಾನೇ ಮಾಡ್ತಿಲ್ಲ ಅಂತಾನೆ. ಒಂದೇ ಪರದೆ!"

"ಯಾರೋ ಒಬ್ರು ಸುಳ್ಳು ಹೇಳ್ತಿದಾರೆ."

"ಯಾರು?"

ಮುಬೀನಾ ಯೋಚಿಸಲಿಲ್ಲ. ಬಗ್ಗಿ ಯಂತ್ರದ ಪಕ್ಕೆಗೆ ಕೈಯಿಟ್ಟಳು. ಇಟ್ಟವಳೇ "ಅಮ್ಮಾ!" ಎಂದು ಕಿತ್ತುಕೊಂಡು ಬೆರಳನ್ನು ಬಾಯಿಗೆ ಹಾಕಿಕೊಂಡಳು. "ಹೆಂಚು ಕಣೇ ಇದು! ರೊಟ್ಟಿ ಬೇಯಿಸ್ಬಹುದು!"

ನಾನೂ ಮುಟ್ಟಿದೆ. ಕಾದು ಕುದಿಯುತ್ತಿತ್ತು. ಅಷ್ಟು ಬಿಸಿಯಾದರೆ ಯಂತ್ರ ತನ್ನನ್ನು ತಾನು ಉಳಿಸಿಕೊಳ್ಳಲಿಕ್ಕೆ ನಿಧಾನಿಸುತ್ತದೆ. ಕುದುರೆಗಳು ನಿಂತಲ್ಲೇ ನಿಲ್ಲುತ್ತಿದ್ದದ್ದು ಅದಕ್ಕೇ. ಸೋಮಾರಿ ಎಂದು ಬೈಸಿಕೊಂಡ ಪೆಟ್ಟಿಗೆ, ಖಾಲಿ ಇದೆ ಎಂದು ಹೊರೆ ಮೇಲೆ ಹೊರೆ ಹೇರಿಸಿಕೊಂಡು, ಮೂಲೆಯಲ್ಲಿ ಕೂತು ಬೇಯುತ್ತಿತ್ತು.

ಆಮೇಲೆ ಬಿಡಲಿಲ್ಲ ನಾನು. ಮೊಬೈಲಿನಲ್ಲಿ ಹುಡುಕಿ, ಓದಿ, ಮತ್ತೆ ಹುಡುಕಿದೆ. ಯಂತ್ರದ ತಿರುಳಿನೊಳಗೂ ಒಂದು ಗಡಿಯಾರ ಮಿಡಿಯುತ್ತದೆ, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಹಲವು ಸಲ. ನಮ್ಮ ಹಳೆಯ ಲಿನಕ್ಸ್ ಪ್ರತಿ ಮಿಡಿತಕ್ಕೆ ಒಮ್ಮೆ ಇಣುಕಿ, ಈ ಗಳಿಗೆಯಲ್ಲಿ ಯಾರು ದುಡಿಯುತ್ತಿದ್ದಾರೆ ಎಂದು ನೋಡುತ್ತದೆ. ಯಾರೂ ಇಲ್ಲದಿದ್ದರೆ ಖಾಲಿ ಎಂದು ಬರೆದುಕೊಳ್ಳುತ್ತದೆ. ಮೇಲಿನ ಸಾಲು ಆ ಇಣುಕುನೋಟದ ಲೆಕ್ಕ. ಕೆಳಗಿನ ಸಾಲಿಗೆ ಬೇರೆ ಲೆಕ್ಕ: ಕೆಲಸ ಶುರುವಾದಾಗ ಒಂದು ಗೆರೆ, ಮುಗಿದಾಗ ಒಂದು ಗೆರೆ, ನಡುವೆ ಎಷ್ಟು ಸವೆಯಿತು ಎಂಬುದು. ನಮ್ಮ ಆಟ ಆ ಮಿಡಿತಕ್ಕೇ ಕಾದು ಕೂತಿರುತ್ತಿತ್ತು. ಮಿಡಿತ ಕೇಳಿದ ಮೇಲೆಯೇ ಎದ್ದು, ಉಸಿರು ಬಿಡದೆ ದುಡಿದು, ಮುಂದಿನ ಮಿಡಿತಕ್ಕೆ ಮುಂಚೆ ಎಲ್ಲ ಮುಗಿಸಿ ಮತ್ತೆ ಕೂರುತ್ತಿತ್ತು. ಇಣುಕಿದಾಗಲೆಲ್ಲ ಕೂತಿರುವುದೇ ಕಾಣಬೇಕು.

"ಹೌದೋ ಅಲ್ವೋ ಪರೀಕ್ಷೆ ಮಾಡೇ," ಎಂದಳು ಮುಬೀನಾ.

ನಾಲ್ಕರಲ್ಲಿ ಒಂದು ಲೋಕಕ್ಕೆ ಮಾತ್ರ ಅರ್ಧ ಮಿಡಿತ ತಡವಾಗಿ ಏಳುವಂತೆ ಮಾಡಿದೆ. ಕೆಲಸ ಅಷ್ಟೇ, ಒಂದು ಕೂದಲೂ ಹೆಚ್ಚಿಲ್ಲ. ಈಗ ಅದು ದುಡಿಮೆಯ ನಡುವೆ ಇರುವಾಗಲೇ ಮಿಡಿತ ಬಂದು ಇಣುಕಬೇಕು. ಗುಂಡಿ ಒತ್ತಿ ನೋಡಿದರೆ, ಅದು ಓಡುತ್ತಿದ್ದ ಕೋರಿನ ಲೆಕ್ಕ ನಾಲ್ಕರಿಂದ ಜಿಗಿದು ನೂರರ ಹತ್ತಿರ ಹೋಗಿ ನಿಂತಿತು.

"ಅಬ್ಬಾ, ದುಡಿಮೆಗಾರ!" ಎಂದು ಮುಬೀನಾ ಚಪ್ಪಾಳೆ ತಟ್ಟಿದಳು. "ನಿಮ್ಮಣ್ಣನ ಕೈ ಇದ್ದಂಗೆ ಆಯ್ತಲ್ಲೇ!"

ಅವಳು ತಮಾಷೆಗೆ ಅಂದದ್ದು. ಅಂದವಳೇ ತಟ್ಟನೆ ನನ್ನ ಕಡೆ ತಿರುಗಿದಳು. ಅವಳ ಮಡಿಲಿನ ಕಡಲೆಬೀಜ ನೆಲಕ್ಕೆ ಚೆಲ್ಲಿತು, ಎತ್ತಿಕೊಳ್ಳಲಿಲ್ಲ. ಅಣ್ಣ ಬೆಂಚಿನ ಮೇಲೆ ಅಡ್ಡಾಗಿರುತ್ತಾನೆ, ಕಿವಿ ಗುಂಯ್ ಎಂದ ಕೂಡಲೇ ಕಿಟಕಿಯಲ್ಲಿಟ್ಟ ಸುತ್ತಿಗೆಗೆ ಕೈ ಹಾಕುತ್ತಾನೆ. ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ನಗಾರಿ ಬಡಿಯುವಾಗ ಅತ್ತಿಗೆ ಏನು ಮಾಡುತ್ತಾರೆ? ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ನನಗಷ್ಟೇ ಅಲ್ಲ, ಊರಿನಲ್ಲಿ ಯಾರಿಗೂ ಇನ್ನೊಬ್ಬರದು ಸರಿಯಾಗಿ ಗೊತ್ತಿಲ್ಲ. ಆ ಗಳಿಗೆಯಲ್ಲಿ ಎಲ್ಲರ ಕಣ್ಣೂ ತಮ್ಮ ತಮ್ಮ ಕೈಯ ಮೇಲೇ ಇರುತ್ತದೆ.

ಯಂತ್ರದಿಂದ ಎರಡು ಲೋಕ ಇಳಿಸಿ, ಅದನ್ನು ಉಸಿರಾಡಲು ಬಿಟ್ಟು ಮನೆಗೆ ಓಡಿದೆ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ. ಎರಡೂ ಕೈ ಖಾಲಿ.

ಅತ್ತಿಗೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದರು. ಒಲೆಯ ಮೇಲೊಂದು, ಕೈಯಲ್ಲೊಂದು, ಕೆಂಡದ ಪಕ್ಕ ಒರಗಿಸಿದ್ದು ಮತ್ತೊಂದು. ಕಾಲ ಬೆರಳಿನಿಂದ ಸೌದೆ ಒಳಗೆ ತಳ್ಳುತ್ತಿದ್ದರು. ಕಿವಿ ಗುಂಯ್ ಎಂದಿತು. ಅಂಗಡಿಯಲ್ಲಿ ಅಣ್ಣ ದಡಕ್ಕನೆ ಎದ್ದ ಸದ್ದು, ಸುತ್ತಿಗೆಯ ಸದ್ದು. ಊಟಕ್ಕೆ ಬಂದ ಹುಡುಗರು ಅಂಗಳದ ಪೊರಕೆಗೆ ಕಿತ್ತಾಡುವ ಸದ್ದು. ನನ್ನ ಬೆರಳುಗಳು ತಾವಾಗಿ ಮೇಲೇರಿ ಏನಾದರೂ ಹುಡುಕಿದವು. ದುಪಟ್ಟಾ ಮುಷ್ಟಿಯಲ್ಲಿ ಸುತ್ತಿ ತಡೆದುಕೊಂಡೆ.

ಅತ್ತಿಗೆ ಮಾತ್ರ ಹಿಟ್ಟು ಕೆಳಗಿಟ್ಟರು. ತವೆಯ ರೊಟ್ಟಿ ತೆಗೆದರು. ಕೈ ನೀರಿಗೆ ಅದ್ದಿ, ಸೆರಗಿಗೆ ಒರೆಸಿಕೊಂಡು ನಡುಕೋಣೆಗೆ ಹೋದರು. ಅವ್ವನ ಕಣ್ಣು ಆಗಲೇ ಅಗಲವಾಗಿ ತೆರೆದುಕೊಂಡು ಬಾಗಿಲಿಗೆ ಅಂಟಿತ್ತು, ಸುತ್ತಿಗೆ ಸದ್ದಿಗೆ ಕರು ಬೆದರುವಂತೆ ಮೈಯೆಲ್ಲ ನಡುಗುತ್ತಿತ್ತು. ಅತ್ತಿಗೆ ಮಂಚದ ಅಂಚಿಗೆ ಕೂತು ಅವ್ವನ ಬಲಗೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡರು. ಉಜ್ಜಲಿಲ್ಲ, ಒತ್ತಲಿಲ್ಲ. ಸುಮ್ಮನೆ ಹಿಡಿದರು.

ಧಿಮ್.

ಅವ್ವ ಮಂಚದಿಂದ ಒಂದು ಗೇಣು ಎದ್ದು ಬಿದ್ದಂತೆ ಬೆಚ್ಚಿದಳು. ಆಮೇಲೆ ಮೆಲ್ಲಗೆ, ನೀರಿನ ಮೇಲಿನ ಎಲೆ ನಿಂತಂತೆ, ಅವಳ ನಡುಕ ನಿಂತಿತು. ಅತ್ತಿಗೆ ಅವಳ ಉಸಿರು ಇಳಿಯುವವರೆಗೆ ಕಾದು, ಕೈಯನ್ನು ದುಪ್ಪಟಿಯ ಮೇಲೆ ಇಟ್ಟು ಎದ್ದರು. ಹೊಸ್ತಿಲಲ್ಲಿ ನನ್ನನ್ನು ನೋಡಿದರು. ನನ್ನ ಖಾಲಿ ಕೈಗಳನ್ನೂ ನೋಡಿದರು.

"ಏನೇ ಇದು, ಹುಣ್ಣಿಮೆ ಎದುರಿಗೆ ಇಟ್ಕೊಂಡು ಬಡಿತ ಕಳ್ಕೊಂಡ್ಯಲ್ಲೇ?"

"ಅತ್ತಿಗೆ, ಪ್ರತಿ ಸಲಾನೂ ಹಿಂಗೇನಾ?"

"ಅವರಿಗೆ ಕಿವಿ ಗುಂಯ್ ಅನ್ನೋದು ನಮಗಿಂತ ಮುಂಚೆ. ಏನಂತ ಹೇಳೋಕೂ ಬಾಯಿಲ್ಲ. ಮೊದಲನೇ ದಿನ ನಾನೂ ಸೌಟು ಹಿಡ್ಕೊಂಡೇ ನಿಂತಿದ್ದೆ. ಬಡಿತ ಮುಗಿಸಿ ಬಂದು ನೋಡಿದ್ರೆ ಹಾಸಿಗೆಯಿಂದ ಕೆಳಗಿದ್ರು." ಅವರು ಆಗಲೇ ಹಿಟ್ಟು ನಾದತೊಡಗಿದ್ದರು. ಕಳೆದುಹೋದ ಗಳಿಗೆಯನ್ನು ಅಟ್ಟಿಸಿಕೊಂಡು ಹೋಗುವಂತೆ ಕೈ ಓಡುತ್ತಿತ್ತು.

"ಇದನ್ನ ಅಣ್ಣನಿಗೆ ಹೇಳ್ಬಾರ್ದಾ?"

"ಹೇಳಿ? ಸುತ್ತಿಗೆ ಬಿಟ್ಟು ಬರ್ತಾರಾ?"

"ನಾನು ಕೂತ್ಕೋತೀನಿ ಅವ್ವನ ಹತ್ರ. ನೀವು ಸೌಟು ಹಿಡ್ಕೊಳ್ರಿ."

"ನಾಳೆಯೇ ಹುಣ್ಣಿಮೆ ಲೀಲಾ. ಇವತ್ತಿನ ಬಡಿತಕ್ಕೆಲ್ಲ ಎಷ್ಟು ಕೆಂಪಾಗುತ್ತೆ? ಕಡಲೆಕಾಳಷ್ಟು." ಅವರು ರೊಟ್ಟಿ ತವೆಗೆ ಹಾಕಿ, ನೀರು ಸವರಿ, ಮೊದಲ ಸಲ ನನ್ನ ಕಡೆಗೆ ತಿರುಗಿದರು. "ಆಮೇಲೂ ಅಷ್ಟೇ. ನನ್ನ ಕೈ ಕೆಂಪಾದ್ರೆ ನಿನ್ನದು ಬೆಳ್ಳಗಾಗುತ್ತೆ. ಈ ಮನೇಲಿ ಯಾರೋ ಒಬ್ರ ಕೈ ಬೆಳ್ಳಗಾಗ್ಲೇಬೇಕಲ್ಲ. ನಿಂಗಿನ್ನೂ ಓದೋದಿದೆ."

ನಾನು ಅಲ್ಲಿ ನಿಲ್ಲಲಿಲ್ಲ. ಹಾಲಜ್ಜಿಯ ಮನೆಗೆ ಹೋದೆ.

ಹಾಲಜ್ಜಿ ಜಗಲಿಯ ಮೇಲೆ ಮೊರ ಹಿಡಿದು ಅಕ್ಕಿ ಕೇರುತ್ತ ಕೂತಿದ್ದಳು. ಮೊರವಿಲ್ಲದ ಹಾಲಜ್ಜಿಯನ್ನು ನಮ್ಮೂರಿನವರು ಯಾರೂ ನೋಡಿಲ್ಲ. ಆ ಅಕ್ಕಿಯಲ್ಲಿ ಕಲ್ಲು ಮುಗಿದು ಎಷ್ಟೋ ಕಾಲವಾಗಿರಬೇಕು, ಆದರೂ ಕೇರುತ್ತಾಳೆ. ಅವಳ ಅಂಗೈ ಕಪ್ಪಿಗೆ ತಿರುಗಿದ ಕೆಂಪು.

"ಬಾರೇ ಬಾಯಿಬಡಕಿ. ಅತ್ತಿಗೆ ಪರವಾಗಿ ಅಳೋಕೆ ಬಂದ್ಯಾ?"

"ಅಳೋಕಲ್ಲ ಅಜ್ಜಿ, ಒಂದು ಪೆಟ್ಟಿಗೆ ವಿಷಯ ಹೇಳೋಕೆ ಬಂದೆ."

ಎಲ್ಲ ಹೇಳಿದೆ. ಕುದುರೆಗಳು ಗೋಡೆ ಹಾರಿದ್ದು, ಮೇಲಿನ ಸಾಲು, ಕೆಳಗಿನ ಸಾಲು, ಮುಬೀನಾ ಬೆರಳು ಸುಟ್ಟುಕೊಂಡದ್ದು. ಅಜ್ಜಿ ಕೇರುತ್ತಲೇ ಕೇಳಿದಳು.

"ಆ ಪೆಟ್ಟಿಗೆಗೂ ಅಂಗೈ ಇದೆಯೇನೇ?"

"ಅಂಗೈ ಇಲ್ಲ ಅಜ್ಜಿ. ಆದ್ರೆ ಒಳಗೊಂದು ನಗಾರಿ ಇದೆ. ಅದು ಬಡಿದಾಗ ಮಾತ್ರ ಯಾರು ದುಡೀತಿದಾರೆ ಅಂತ ನೋಡುತ್ತೆ. ನಮ್ಮ ಆಟ ಆ ಗಳಿಗೆ ಒಂದು ಬಿಟ್ಟು ಉಳಿದ ಹೊತ್ತೆಲ್ಲ ದುಡೀತಿತ್ತು. ಖಾಲಿ ಕೂತಿದೆ ಅಂತ ಹೊರೆ ಹಾಕಿದ್ವಿ. ಕಿತ್ತು ಬಿಸಾಕೋದ್ರಲ್ಲಿದ್ವಿ."

"ನಗಾರಿ ಸುಳ್ಳು ಹೇಳಲ್ಲ ಕಣೇ."

"ಸುಳ್ಳು ಅಂತ ನಾನೂ ಹೇಳ್ತಿಲ್ಲ. ಅದು ನೋಡಿದ್ದು ನಿಜ. ನೋಡದೇ ಇದ್ದಿದ್ದೂ ನಿಜ ಅಲ್ವಾ ಅಜ್ಜಿ? ಅದನ್ನ ನಾವು ನೋಡ್ಬೇಕಿತ್ತು."

"ಸರಿ, ಬಡಿತದ ಹೊತ್ತಲ್ಲಿ ಏನು ಮಾಡ್ತಾಳೆ ನಿಮ್ಮತ್ತಿಗೆ? ನಿದ್ದೆನಾ?"

"ಅವ್ವನ ಕೈ ಹಿಡ್ಕೊಂಡು ಕೂತಿರ್ತಾರೆ. ಅವ್ವ ಹೆದರ್ತಾಳೆ ಅಂತ."

ಮೊರ ಗಾಳಿಯಲ್ಲಿ ಒಂದು ಸಲ ಏರಿ, ಅಕ್ಕಿ ಬೀಳುವಾಗ ಅರ್ಧ ಮೊರದ ಹೊರಗೆ ಬಿತ್ತು. ಅಜ್ಜಿ ಹೆಕ್ಕಲಿಲ್ಲ.

"ಸುಮ್ನೆ ಹಿಡ್ಕೊಂಡು ಕೂರ್ತಾಳಾ?"

"ಸುಮ್ನೆ."

"ಕೈ ಹಿಡಿಯೋದು ಕೆಲಸ ಅಂತ ನಗಾರಿ ಯಾವತ್ತೂ ಒಪ್ಪಿಲ್ಲ," ಎಂದಳು ಅಜ್ಜಿ. ಆಮೇಲೆ ದನಿ ತಗ್ಗಿಸಿದಳು. "ನಮ್ಮ ಯಜಮಾನರು ಹೋಗುವಾಗ ಕಿವಿ ಗುಂಯ್ ಅಂತು. ಅವರು ನನ್ನ ಕಡೆ ಕೈ ಚಾಚಿದ್ರು. ನಾನು ಈ ಮೊರ ತಗೊಂಡೆ."

ಬೀದಿಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ನಾನು ಜಗಲಿಯ ಮೇಲೆ ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಹೆಕ್ಕತೊಡಗಿದೆ.

"ಬಿಡೇ ಅದನ್ನ," ಎಂದಳು ಅಜ್ಜಿ. "ನೀನು ಹೇಳಿದೆ ಅಂತ ನಾನು ನಂಬೋ ಹಾಗಿಲ್ಲ. ನಂಬಿದ್ರೆ ನಾಳೆ ಬೆಳ್ಳಗಿರೋ ಕೈಗಳೆಲ್ಲ ಒಂದೊಂದು ಕಥೆ ತರ್ತಾವೆ. ಆ ಪೆಟ್ಟಿಗೇಲಿ ಕೆಳಗಿನ ಸಾಲಿಗೆ ಹೆಂಗೆ ಗೊತ್ತಾಗುತ್ತೆ ಅಂದೆ?"

"ಶುರುವಿಗೊಂದು ಗೆರೆ, ಮುಗಿದಾಗೊಂದು ಗೆರೆ. ನಡುವೆ ಕಣ್ಣು ಮುಚ್ಚಲ್ಲ."

"ಹಂಗಾದ್ರೆ ನಾನೂ ಮುಚ್ಚಲ್ಲ. ನಾಳೆ ಬೆಳಿಗ್ಗೆ, ಕೈ ನೋಡೋಕೆ ಕೂರೋ ಮುಂಚೆ, ರೊಟ್ಟಿ ಹೊತ್ತಿಗೆ ನಿಮ್ಮನೆಗೆ ಬರ್ತೀನಿ. ಒಂದು ಬಡಿತದಿಂದ ಇನ್ನೊಂದು ಬಡಿತದ ತನಕ ನಿಮ್ಮತ್ತಿಗೆ ಅಡುಗೆಮನೇಲಿ ಕೂರ್ತೀನಿ. ಬಡಿಯುವಾಗ ನಿಮ್ಮವ್ವನ ಮಂಚದ ಹತ್ರ ನಿಂತಿರ್ತೀನಿ. ಆಮೇಲೆ ಹೇಳ್ತೀನಿ, ಯಾರು ಇಲ್ಲಿರ್ಬೇಕು, ಯಾರು ಆಚೆ ದಡಕ್ಕೆ ಅಂತ. ತೆಪ್ಪದವನಿಗೆ ಹೇಳು, ನಾನು ಬರೋ ತನಕ ಹಗ್ಗ ಬಿಚ್ಬಾರ್ದು."

"ಬಡಿಯೋ ಹೊತ್ತಿಗೆ ನಿಮ್ಮ ಕೈಗೆ ಏನಾದ್ರೂ ಕೊಡ್ಲಾ ಅಜ್ಜಿ? ಬೆಳ್ಳುಳ್ಳಿ ಸುಲಿಯೋಕೆ ಇಟ್ಟಿರ್ತೀನಿ."

ಹಾಲಜ್ಜಿ ಎದ್ದಳು. ಮೊರದಲ್ಲಿ ಉಳಿದ ಅಕ್ಕಿಯನ್ನು ಅಂಗಳದ ಗುಬ್ಬಿಗಳಿಗೆ ಎರಚಿ, ಮೊರವನ್ನು ಗೋಡೆಯ ಮೊಳೆಗೆ ನೇತುಹಾಕಿದಳು. ಅದಿಲ್ಲದೆ ಅವಳ ಕೈಗಳು ತೀರ ಚಿಕ್ಕವಾಗಿ ಕಂಡವು.

"ಏನೂ ಇಡ್ಬೇಡ," ಎಂದಳು. "ಬರಿಗೈಲಿ ಬರ್ತೀನಿ. ನಿಮ್ಮಣ್ಣನಿಗೂ ಹೇಳು, ಸುತ್ತಿಗೆ ಎತ್ತಿ ಅಟ್ಟದ ಮೇಲಿಟ್ಟು ಒಳಗೆ ಬಂದು ಕೂತಿರ್ಲಿ. ನಾಳೆ, ರೊಟ್ಟಿ ಹೊತ್ತಿಗೆ."